ವಕೀಲರ ನಾಲ್ಕು ಗಾಜಿನ ಚಸ್ಮಾ

ಚಸ್ಮಾ ಅಂಗಡಿ ಇಟ್ಟವನಿಗೆ ನಗುವಿಗೆ ಬರ ಬರುವುದಿಲ್ಲ. ಬೇರೆ ಅಂಗಡಿಗೆ ಗಿರಾಕಿ ಬರುತ್ತಾನೆ, ಕೊಳ್ಳುತ್ತಾನೆ, ಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ನನ್ನ ಮಾಲು ಹಾಗಲ್ಲ. ಗಿರಾಕಿಯ ಮೂಗಿನ ಮೇಲೆ ಕುಳಿತು ಊರೆಲ್ಲ ತಿರುಗುತ್ತದೆ, ಅದು ಮಾಡಿದ ಕಿತಾಪತಿಯ ವರದಿ ಸಂಜೆಯೊಳಗೆ ನನ್ನ ಕೌಂಟರಿಗೆ ಬಂದು ಮುಟ್ಟುತ್ತದೆ. ಹಾನಗಲ್ಲಿನಲ್ಲಿ ಅಂಗಡಿ ತೆರೆದಾಗಿನಿಂದ ಇದು ನಡೆದೇ ಇದೆ. ಆದರೆ ನಮ್ಮೂರಿನಲ್ಲಿ ಸೈಕಲ್ ಕ್ಲಬ್ ಹುಟ್ಟಿದ ಮೇಲೆ ಆದದ್ದು ಹಿಂದೆಂದೂ ಆಗಿರಲಿಲ್ಲ.

ಊರಿನ ನಾಲ್ಕೈದು ಗಣ್ಯರಿಗೆ ಒಮ್ಮೆಲೇ ಆರೋಗ್ಯದ ಚಿಂತೆ ಹತ್ತಿತು. ಹಲ್ಲಿನ ಡಾಕ್ಟರು, ಬೆಳೆ ಸಮೀಕ್ಷೆಯ ಸಾಹೇಬರು, ಒಬ್ಬ ವಕೀಲರು, ಹೀಗೆ. ಮೊದಲ ಮೀಟಿಂಗಿನಲ್ಲಿ ಕ್ಲಬ್ಬಿನ ಅಂಗಿಯ ಬಣ್ಣ ನಿಶ್ಚಯವಾಯಿತು. ಎರಡನೆಯದರಲ್ಲಿ ಅಂಗಿಯ ಮೇಲೆ ಯಾರ ಹೆಸರು ದಪ್ಪಕ್ಷರದಲ್ಲಿ ಬರಬೇಕೆಂದು ಜಗಳವಾಯಿತು. ಸೈಕಲ್ ತರುವ ಮಾತು ಆಮೇಲೆ ಬಂತು. ಮೊದಲ ಸವಾರಿ ಆಡೂರಿನವರೆಗೆ. ಅಲ್ಲಿ ಗಿರ್ಮಿಟ್ಟು, ಮಿರ್ಚಿ ತಿಂದು, ಹೊಟ್ಟೆ ಭಾರವಾಯಿತೆಂದು ಸೈಕಲ್ಲುಗಳನ್ನು ಬಾಡಿಗೆಯ ಟಂಟಂ ಗಾಡಿಯಲ್ಲಿ ಹೇರಿಕೊಂಡು ತಿರುಗಿ ಬಂದರು. ಆರೋಗ್ಯ ಸುಧಾರಿಸಿದ್ದು ಟಂಟಂನವನದು.

ಇಷ್ಟಾದ ಮೇಲೆ ಅವರಿಗೆ ಕೊರತೆ ಕಂಡದ್ದು ಚಸ್ಮಾದ್ದು. ಪಟ್ಟಣದ ಸೈಕಲ್ ಸವಾರರು ಹಾಕುವಂಥದೇ ಬೇಕು ಎಂದರು, ತರಿಸಿಕೊಟ್ಟೆ. ಕಿವಿಯಿಂದ ಕಿವಿಯವರೆಗೆ ಕಣ್ಣನ್ನು ಸುತ್ತಿಕೊಳ್ಳುವ ಒಂದೇ ಫ್ರೇಮು, ಅದಕ್ಕೆ ನಾಲ್ಕು ಗಾಜು. ಬಿಸಿಲಿಗೆ ಕರಿಯದು, ಮೋಡಕ್ಕೆ ಹಳದಿ, ನಸುಕಿಗೆ ಬಿಳಿಯದು, ಇನ್ನೊಂದು ಕನ್ನಡಿಯಂತೆ ಹೊಳೆಯುವುದು. ಆ ಕನ್ನಡಿ ಗಾಜು ಯಾವ ಹವಾಮಾನಕ್ಕೆ ಎಂದು ಎಲ್ಲರೂ ಕೇಳಿದರು. ಜಂಬಕ್ಕೆ ಎಂದು ಹೇಳಲಿಲ್ಲ, ವ್ಯಾಪಾರ ನೋಡಿ.

ವಕೀಲರ ಕಣ್ಣಿಗೆ ನಂಬರ್ ಇತ್ತು. ಅದಕ್ಕಾಗಿ ಗಾಜಿನ ಒಳಗಡೆ ಚಿಕ್ಕ ನಂಬರ್ ಕ್ಲಿಪ್ ಕೂರಿಸಿಕೊಟ್ಟೆ. ಅಂದಿನಿಂದ ಅವರು ಬೇರೆ ಚಸ್ಮಾ ಮುಟ್ಟಲಿಲ್ಲ. ಉಳಿದ ಗಾಜುಗಳ ಡಬ್ಬಿಯನ್ನು ಎಲೆ ಅಡಿಕೆಯ ಚಂಚಿಯ ಹಾಗೆ ಸೊಂಟಕ್ಕೆ ಕಟ್ಟಿಕೊಂಡು, ಮೋಡ ಬಂದರೆ ಒಂದು, ಬಿಸಿಲು ಬಂದರೆ ಒಂದು ಬದಲಿಸುತ್ತಿದ್ದರು. ಗಾಜು ಬದಲಾಗುತ್ತಿತ್ತು, ಫ್ರೇಮು ಮಾತ್ರ ಮೂಗಿನಿಂದ ಇಳಿಯುತ್ತಿರಲಿಲ್ಲ.

ವಕೀಲರ ನಿಜವಾದ ಕಷ್ಟ ಬೇರೆಯೇ ಇತ್ತು. ವಯಸ್ಸು ಮೂವತ್ತಾರು, ಲಗ್ನವಾಗಿರಲಿಲ್ಲ. ಕೋರ್ಟಿನಲ್ಲಿ ಚೆನ್ನಾಗಿಯೇ ವಾದ ಮಾಡುವವರು, ಹೆಣ್ಣಿನ ಕಡೆಯವರ ಮುಂದೆ ಮಾತ್ರ ಅವರ ಕೇಸು ನಿಲ್ಲುತ್ತಿರಲಿಲ್ಲ. ಈ ವರ್ಷ ಸೊಸೆ ಬರಲೇಬೇಕೆಂದು ಅವರ ತಾಯಿ ಹಟ ಹಿಡಿದಿದ್ದರು. ಆ ಹಟದ ನಡುವೆ ನನ್ನ ಚಸ್ಮಾ ಹೋಗಿ ಸಿಕ್ಕಿಕೊಂಡಿತು.

ಹಿರಿಯರಿಗೆ ನಮಸ್ಕಾರ

ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ಹುಡುಗನ ಮನೆಗೆ ಬರುವುದಿಲ್ಲ. ಸುಮ್ಮನೆ ಊರಿಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ, ಹುಡುಗ ಹೇಗೆ ಎಂದು ವಿಚಾರ ತೆಗೆಯುತ್ತಾರೆ. ಶಿಗ್ಗಾಂವಿಯಿಂದ ಹಾಗೆ ಇಬ್ಬರು ಬಂದರು. ಅವರು ಚಹಾ ಕುಡಿಯುವಾಗಲೇ ನಮ್ಮ ವಕೀಲರು ಕರೀ ಗಾಜು ಹಾಕಿಕೊಂಡು, ದಣಿವಿಗೆ ಸೈಕಲ್ ಇಳಿದು, ಹ್ಯಾಂಡಲ್ ಹಿಡಿದುಕೊಂಡು ನಿಧಾನವಾಗಿ ನಡೆದು ಹೋದರು.

ಇವರೇ ಆ ವಕೀಲರು ಎಂದು ಚಹಾದವನು ತೋರಿಸಿದ, ಬಂದವರು ಅವನನ್ನೇ ಕೇಳಿದರು, ಇವರ ಕಣ್ಣಿಗೆ ಏನಾಗಿದೆ ಎಂದು. ನಮ್ಮ ಚಹಾದವನಿಗೆ ಗೊತ್ತಿಲ್ಲ ಎನ್ನುವ ಮಾತೊಂದು ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ. ಆ ವಾರ ಊರಿನಲ್ಲಿ ಕಣ್ಣಿನ ಪೊರೆ ತೆಗೆಯುವ ಉಚಿತ ಕ್ಯಾಂಪು ನಡೆದಿತ್ತು, ಓಣಿಗೆ ಇಬ್ಬರಂತೆ ಅಜ್ಜಂದಿರು ಕರೀ ಚಸ್ಮಾ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಆಪರೇಷನ್ ಆಗಿರಬೇಕು, ನಿನ್ನೆಯೇ ಪಟ್ಟಿ ಬಿಚ್ಚಿದ್ದಾರೆ ಎಂದುಬಿಟ್ಟ.

ಇಬ್ಬರೂ ಮುಖ ಮುಖ ನೋಡಿಕೊಂಡು ಮುಂದಿನ ಬಸ್ಸು ಹತ್ತಿದರು. ಮರುದಿನ ವಕೀಲರ ತಾಯಿಗೆ ಫೋನು ಬಂತು. ಬೈಗುಳ ಏನೂ ಇರಲಿಲ್ಲ, ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ನಮ್ಮ ಹುಡುಗಿ ಸಣ್ಣಾಕಿ ಆಗ್ತಾಳ್ರಿ. ಆಪರೇಷನ್ ಚಲೋ ಆಗೇತೆಲ್ಲ, ಅಷ್ಟ ಸಾಕು. ಹಿರಿಯರಿಗೆ ನಮಸ್ಕಾರ ಹೇಳ್ರಿ."

ಹಳದಿ ಗಾಜು

ಬೆಳೆ ಸಮೀಕ್ಷೆಯ ಸಾಹೇಬರ ಹತ್ತಿರವೂ ಇದೇ ಫ್ರೇಮು ಇತ್ತು, ಹಳದಿ ಗಾಜನ್ನು ಮಾತ್ರ ಎಲ್ಲೋ ಕಳೆದುಕೊಂಡಿದ್ದರು. ವಕೀಲರು ತಮ್ಮದನ್ನು ಕೊಟ್ಟರು. ಸಾಹೇಬರ ಹೆಂಡತಿಯ ತವರಿನಲ್ಲಿ ಒಬ್ಬ ಹುಡುಗಿ ಇದ್ದಾಳೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಇಲ್ಲದಿದ್ದರೆ ವಕೀಲರು ಪುಕ್ಕಟೆ ಸಲಹೆ ಸಹ ಕೊಡುವವರಲ್ಲ.

ಮಳೆ ಹೆಚ್ಚಾಗಿ ಗೋವಿನಜೋಳ ಕೆಟ್ಟಿತ್ತು. ಎಲ್ಲಿ ಎಷ್ಟು ಕೆಟ್ಟಿದೆ ಎಂದು ನೋಡಲು ಸಾಹೇಬರು ಕ್ಲಬ್ಬಿನ ಅಂಗಿ ತೊಟ್ಟು ಸೈಕಲ್ಲಿನಲ್ಲಿಯೇ ಹೊರಟರು. ಬೆಳಿಗ್ಗೆ ಮೋಡವಿತ್ತು, ಹಳದಿ ಗಾಜು ಹಾಕಿದ್ದರು. ಮೊದಲ ಹಳ್ಳಿಯಲ್ಲಿ ಬೆಳೆ ನಿಜಕ್ಕೂ ಚೆನ್ನಾಗಿತ್ತು. ಸಾಹೇಬರು ಬದುವಿನ ಮೇಲೆ ನಿಂತು ನೋಡಿ, ಅಯ್ಯೋ, ಎಲ್ಲ ಹಳದಿ ಆಗಿ ಹೋಗಿದೆಯಲ್ಲ ಎಂದು ಹಳಹಳಿಸಿದರು. ಊರವರು ಬಾಯಿ ಬಿಡಲಿಲ್ಲ. ಹಾಲು ಕೊಟ್ಟು ಕಳಿಸಿದರು.

ಮಧ್ಯಾಹ್ನ ಬಿಸಿಲು ಬಿತ್ತು, ಗಾಜು ಬದಲಿಸಿದರು. ಎರಡನೆಯ ಹಳ್ಳಿಯಲ್ಲಿ ನೀರು ನಿಂತು ಬೆಳೆ ಬೇರುಸಹಿತ ಕೊಳೆತಿತ್ತು. ಕರೀ ಗಾಜಿನಲ್ಲಿ ಅದೆಲ್ಲ ಗಾಢ ಹಸಿರಾಗಿ, ತಂಪಾಗಿ ಕಂಡಿತು. ಇಷ್ಟು ಸೊಂಪಾಗಿ ಬೆಳೆದು ಪರಿಹಾರ ಕೇಳುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಗದರಿಸಿ ಬಂದರು. ಬೆಳೆಯನ್ನು ಕಣ್ಣಾರೆ ನೋಡಬೇಕು ಎಂದು ಕಾನೂನಿನಲ್ಲಿ ಇದೆಯಂತೆ. ಯಾವ ಗಾಜಿನಿಂದ ಎಂದು ಇಲ್ಲ.

ಎರಡೂ ಹಳ್ಳಿಯವರು ಬೀಗರು. ಸಂತೆಯಲ್ಲಿ ಕೂಡಿದಾಗ ಗುಟ್ಟು ಹೊರಬಿತ್ತು. ಎರಡನೆಯ ಹಳ್ಳಿಯ ಹಿರಿಯರು ನನ್ನ ಅಂಗಡಿಗೆ ಬಂದು ನಿಂತರು. ಜಗಳಕ್ಕೆ ಬಂದರೆಂದು ನಾನು ಷಟರ್ ಕಡೆ ನೋಡಿದೆ. ಅವರ ಮುಖಂಡರು ಬಹಳ ಸಮಾಧಾನದಿಂದ ಹೇಳಿದರು, "ಸಾವಕಾರ್ರ, ಸಾಹೇಬ್ರು ದೇವರಂಥ ಮನಶ್ಯಾರು, ತಪ್ಪು ಗಾಜಿಂದು. ಹಳದಿ ಗಾಜಿನ ಚಸ್ಮಾ ಒಂದು ಕೊಡ್ರಿ. ಮುಂದಿನ ಸಲ ಊರ ಅಗಸಿ ಬಾಗಲದಾಗ ಆಯೇರಿ ಉಡುಗೊರಿ ಮಾಡಿ, ನಾವ ಅವರಿಗೆ ಹಾಕಿ ಹೊಲಕ್ಕ ಕರ್ಕೊಂಡ ಹೋಗ್ತೇವಿ."

ಬಂಕಾಪುರದ ನವಿಲು

ಈ ಪ್ರಸಂಗ ಸಣ್ಣದು. ಹಲ್ಲಿನ ಡಾಕ್ಟರು ಬಂಕಾಪುರದ ಕೋಟೆಯವರೆಗೆ ಹೋಗಿ, ನೆರಳಿನಲ್ಲಿ ಸೈಕಲ್ ನಿಲ್ಲಿಸಿ, ಕನ್ನಡಿ ಗಾಜಿನ ಚಸ್ಮಾವನ್ನು ಸೀಟಿನ ಮೇಲೆ ಇಟ್ಟು ಅವಲಕ್ಕಿ ತಿನ್ನುತ್ತ ಕುಳಿತರು. ಒಂದು ಗಂಡು ನವಿಲು ಬಂತು. ಗಾಜಿನೊಳಗೆ ಇನ್ನೊಂದು ಗಂಡು ನವಿಲು ಕಂಡಿತು. ಗಂಡಸರು ಕನ್ನಡಿಯ ಮುಂದೆ ಮಾಡುವುದನ್ನೆಲ್ಲ ಮೊದಲು ಮಾಡಿತು, ಗರಿ ಬಿಚ್ಚಿ ತಿರುಗಿತು. ಎದುರಿನವನೂ ಅಷ್ಟೇ ಚಂದ ಕುಣಿದಾಗ ಸಿಟ್ಟು ಬಂದು ಕುಕ್ಕಿತು.

ಡಾಕ್ಟರು ಒಡೆದ ಗಾಜು ತಂದು ನನ್ನ ಮುಂದಿಟ್ಟರು. ಗ್ಯಾರಂಟಿಯೊಳಗೆ ನವಿಲು ಬರುತ್ತದೆಯೇ ಎಂದು ಕೇಳಿದರು. ಹೋದ ತಿಂಗಳು ಅವರು ನನಗೆ ಕಟ್ಟಿದ ಹಲ್ಲು ಚಕ್ಕುಲಿಗೆ ಮುರಿದಾಗ ನಾನೂ ಹೀಗೇ ಕೇಳಿದ್ದೆ. ಅವರು ಅಂದು ಹೇಳಿದ್ದನ್ನೇ ತಿರುಗಿ ಹೇಳಿದೆ, "ಮಾಲು ಗಟ್ಟಿ ಐತ್ರಿ, ನೀವು ಬಳಸಿದ್ದು ತಪ್ಪು."

ಸವಣೂರಿನ ಸಾಕ್ಷಿ

ಸವಣೂರಿನಲ್ಲಿ ವಕೀಲರದೊಂದು ಜಮೀನಿನ ಕೇಸು ಇತ್ತು. ಎದುರು ಪಾರ್ಟಿಯ ವಕೀಲರಿಗೆ ಒಬ್ಬ ತಂಗಿ ಇದ್ದಳು, ಜಾತಕ ಆಗಲೇ ಕೈಬದಲಾಗಿತ್ತು. ಹೀಗಾಗಿ ನಮ್ಮವರು ಆ ದಿನ ಎದುರಿನವರ ಕಣ್ಣಿಗೆ ಬೀಳಬೇಕೆಂದು ಕನ್ನಡಿ ಗಾಜು ಹಾಕಿಕೊಂಡು ಸೈಕಲ್ ಮೇಲೆಯೇ ಹೋದರು. ಒಳಗೆ ಹೋಗುವಾಗ ಬಿಳಿ ಗಾಜಿಗೆ ಬದಲಿಸೋಣವೆಂದು ಸೊಂಟ ಮುಟ್ಟಿ ನೋಡಿದರೆ ಡಬ್ಬಿ ಮನೆಯಲ್ಲಿ ಉಳಿದಿತ್ತು. ಚಸ್ಮಾ ತೆಗೆದರೆ ಅಕ್ಷರ ಕಾಣುವುದಿಲ್ಲ. ನ್ಯಾಯಾಧೀಶರಿಗೆ ಕೈಮುಗಿದು, ನಂಬರಿನ ಕಥೆ ಹೇಳಿ, ಹಾಗೆಯೇ ನಿಂತರು.

ಎದುರು ಪಾರ್ಟಿಯ ಸಾಕ್ಷಿ ಗಟ್ಟಿ ಕುಳ. ಬದು ಸರಿಸಿದ್ದನ್ನು ತಾನು ನೋಡೇ ಇಲ್ಲ ಎಂದು ದೇವರ ಮೇಲೆ ಪ್ರಮಾಣ ಮಾಡಿದವನು. ನಮ್ಮ ವಕೀಲರು ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು ಪ್ರಶ್ನೆ ಶುರು ಮಾಡಿದರು. ಸಾಕ್ಷಿ ಮೊದಲು ಮೀಸೆ ತಿದ್ದಿಕೊಂಡ. ಎರಡನೆಯ ಪ್ರಶ್ನೆಗೆ ತಲೆಯ ಪಟಗ ಸರಿಮಾಡಿಕೊಂಡ. ಮೂರನೆಯದಕ್ಕೆ ಬಾಯಿ ತೆರೆದವನು ಹಾಗೆಯೇ ನಿಂತುಬಿಟ್ಟ. ಏನಾಯಿತು, ಉತ್ತರ ಹೇಳು ಎಂದು ನ್ಯಾಯಾಧೀಶರು ಕೇಳಿದರು.

"ಸಾಹೇಬ್ರ, ಇಷ್ಟ ವರ್ಷ ಸಾಕ್ಷಿ ಹೇಳಾಕತ್ತೇನಿ, ಸುಳ್ಳು ಹೇಳುವಾಗ ನನ್ನ ಮಾರಿ ಹೆಂಗ ಕಾಣತೈತಿ ಅಂತ ಇವತ್ತ ನೋಡಿದ್ನಿರಿ," ಎಂದ ಅವನು. "ಇನ್ನ ನನ್ನ ಕಡಿಂದ ಆಗೂದಿಲ್ರಿ."

ಬದು ಸರಿಸಿದ್ದನ್ನು ನೋಡಿದ್ದು ಹೌದು ಎಂದು ಒಪ್ಪಿಕೊಂಡ. ಕೇಸು ನಮ್ಮ ವಕೀಲರು ಗೆದ್ದರು. ಎದುರಿನ ವಕೀಲರು ಹೊರಗೆ ಬಂದವರೇ ತಂಗಿಯ ಜಾತಕ ವಾಪಸ್ ಕೇಳಿದರು.

ಹಿರೇಕೆರೂರಿಗೆ ಹೋದದ್ದು

ಅಷ್ಟರಲ್ಲಿ ಹಿರೇಕೆರೂರಿನಿಂದ ಒಂದು ಸಂಬಂಧ ಬಂತು. ಹುಡುಗಿ ನರ್ಸು. ಹುಡುಗನ ಫೋಟೋ ಕಳಿಸಿ ಎಂದರು. ವಕೀಲರ ಇತ್ತೀಚಿನ ಫೋಟೋಗಳಲ್ಲೆಲ್ಲ ಗಾಜೇ ಗಾಜು. ಇದ್ದುದರಲ್ಲಿ ಚೆಂದದ್ದೆಂದು, ಗೊಟಗೋಡಿಯ ಶಿಲ್ಪಗಳ ಉದ್ಯಾನದಲ್ಲಿ ಆಳೆತ್ತರದ ಒಂದು ಗೊಂಬೆಯ ಹೆಗಲ ಮೇಲೆ ಕೈ ಹಾಕಿ ತೆಗೆಸಿಕೊಂಡದ್ದನ್ನು ಕಳಿಸಿದರು. ಹುಡುಗಿಯ ಕಾಕಾ ಫೋನಿನಲ್ಲಿ ಕೇಳಿದರಂತೆ, "ಗೊಂಬಿ ಕಣ್ಣು ಕಾಣತಾವು, ಹುಡುಗನ್ವು ಯಾಕ ಕಾಣವಲ್ಲವು?" ಮೆಳ್ಳಗಣ್ಣು ಇರಬೇಕೆಂದು ಅವರಿಗೆ ಸಂಶಯ.

ವಕೀಲರ ತಾಯಿ ನೇರ ನನ್ನ ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ. "ತಮ್ಮಾ, ನಿನ್ನ ಈ ಹಾಳ ಚಸ್ಮಾದಿಂದ ನನ್ನ ಮಗಗ ಹೆಣ್ಣು ಸಿಗವಲ್ಲದು. ನೀನ ನಮ್ಮ ಕೂಡ ಬಾ, ಕಣ್ಣು ಚಲೋ ಅದಾವ ಅಂತ ನೀನ ಹೇಳು. ಈ ಸಂಬಂಧಾನೂ ತಪ್ಪಿದ್ರ ನಾ ಇನ್ನ ಯಾರ ಬಾಗಲಕ್ಕೂ ಹೋಗಾಂಗಿಲ್ಲ." ನನಗೆ ಕೆಡುಕೆನಿಸಿತು, ಕಣ್ಣಿನ ಜಾಮೀನುದಾರನಾಗಿ ಹೊರಟೆ.

ದಾರಿಯುದ್ದಕ್ಕೂ ಆ ತಾಯಿ ಮಗನಿಗೆ ಒಂದೇ ಮಾತು ಹೇಳಿದರು, ಏನಾದರೂ ಆಗಲಿ ಚಸ್ಮಾ ಮಾತ್ರ ತೆಗೆಯಬೇಡ ಎಂದು. ನಂಬರಿನ ಸಲುವಾಗಿ ಇರಬೇಕೆಂದು ನಾನು ತಿಳಿದೆ. ಅಂದು ಬಿಳಿ ಗಾಜೇ ಇತ್ತು, ಆದರೆ ಆ ಫ್ರೇಮು ಅರ್ಧ ಮುಖ ಮುಚ್ಚುವಂಥದು, ಗಾಜಿನ ಹೊಳಪು, ಒಳಗಿನ ನಂಬರ್ ಕ್ಲಿಪ್ಪು ಸೇರಿ ಕಣ್ಣಿನ ಸುತ್ತ ಏನಿದೆ ಎಂದು ತಿಳಿಯುತ್ತಿರಲಿಲ್ಲ.

ಅಲ್ಲಿ ಹುಡುಗಿಯ ತಂದೆ, ಕಾಕಾ ಮತ್ತು ಅಜ್ಜಿ ಕುಳಿತಿದ್ದರು. ನಾನು ನನ್ನ ಜಾಮೀನು ಕೊಟ್ಟೆ, ಕಣ್ಣು ನೆಟ್ಟಗಿವೆ, ನಂಬರ್ ಕೂಡ ಹೆಚ್ಚಿಲ್ಲ ಎಂದು. ಮಾರಿದವನ ಮಾತು ಯಾರು ನಂಬುತ್ತಾರೆ? ಕಾಕಾ ಅವರು ಒಮ್ಮೆ ಚಸ್ಮಾ ತೆಗೆದು ತೋರಿಸಿ ಎಂದರು. ತಾಯಿ ಕೆಮ್ಮಿದರು. ವಕೀಲರು ತೆಗೆದರು.

ಕಣ್ಣು ನೆಟ್ಟಗೇ ಇದ್ದವು. ಆದರೆ ಕಣ್ಣಿನ ಸುತ್ತ, ಒಂದು ಕಿವಿಯಿಂದ ಇನ್ನೊಂದರ ತನಕ, ಆ ಫ್ರೇಮು ಕುಳಿತ ಜಾಗದಲ್ಲೆಲ್ಲ ಬೆಳ್ಳಗಿನ ಪಟ್ಟಿ ಇತ್ತು. ಉಳಿದ ಮುಖ ಬಿಸಿಲಿಗೆ ಸುಟ್ಟು ಕೆಂಡದ ಮೇಲಿನ ರೊಟ್ಟಿಯಾಗಿತ್ತು. ತಾಯಿ ಬಚ್ಚಿಟ್ಟದ್ದು ಇದನ್ನು. ನಾನು ನನ್ನ ಮಾಲಿನ ಗುಣವನ್ನು ಅಂದೇ ಮೊದಲ ಸಲ ನೋಡಿದ್ದು.

ಇದು ಚರ್ಮದ ರೋಗವೇ ಎಂದು ಕಾಕಾ ಕೇಳಿಯೇಬಿಟ್ಟರು. ವಕೀಲರು ಎದ್ದು ನಿಂತು, ಬಿಸಿಲು, ಸೈಕಲ್ಲು, ಅಂಗಿಯ ತೋಳು ಎಂದು ವಾದ ಶುರು ಮಾಡಿದರು, ಸಾಕ್ಷಿಗೆಂದು ತೋಳು ಮಡಚಿ ತೋರಿಸಿದರು. ಅಲ್ಲಿಯೂ ಎರಡು ಬಣ್ಣ. ಕೇಸು ಇನ್ನಷ್ಟು ಕೆಟ್ಟಿತು. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಮಗನ ಕೈ ಹಿಡಿದು ಹೊರಡಿಸಲು ನೋಡಿದರು.

ಅದೇ ಹೊತ್ತಿಗೆ ಹುಡುಗಿ ಚಹಾ ತಂದಳು. ಮುಖಕ್ಕೆ ಧಾರಾಳವಾಗಿ ಪೌಡರ್ ಹಚ್ಚಿದ್ದರು. ವಕೀಲರ ಮುಖ ನೋಡಿದವಳೇ ತಡೆಯಲಾರದೆ ನಕ್ಕಳು. ತಾಟು ಕೆಳಗಿಟ್ಟು ಒಳಗೆ ಹೋದಳು. ಬಚ್ಚಲಲ್ಲಿ ನೀರಿನ ಸಪ್ಪಳವಾಯಿತು. ಮುಖ ತೊಳೆದುಕೊಂಡು, ಒರೆಸಿಕೊಳ್ಳುತ್ತ ತಿರುಗಿ ಬಂದು ಎದುರಿಗೇ ಕುಳಿತಳು. ಈಗ ಕಾಕಾ ಕೆಮ್ಮಿದರು.

ದಿನವೂ ವೇಲಿನಿಂದ ಮೂಗು, ಬಾಯಿ, ಹಣೆ ಬಿಗಿಯಾಗಿ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟು, ಸ್ಕೂಟಿಯ ಮೇಲೆ ಹಳ್ಳಿ ಹಳ್ಳಿ ತಿರುಗುವ ನರ್ಸು ಆಕೆ. ಮುಖವೆಲ್ಲ ಬೆಳ್ಳಗೆ, ಕಣ್ಣಿನ ಸುತ್ತ ಮಾತ್ರ ಒಂದು ಕಿವಿಯಿಂದ ಇನ್ನೊಂದರ ತನಕ ಕರ್ರಗಿನ ಪಟ್ಟಿ.

"ನಿಮ್ಮದು ಚಸ್ಮಾದ್ದೇನ್ರಿ?" ಎಂದು ಕೇಳಿದಳು.

"ಹೌದ್ರಿ," ಎಂದರು ವಕೀಲರು. "ನಿಮ್ಮದು?"

"ವೇಲಿಂದ್ರಿ."

ಎರಡೂ ಕಡೆಯ ಹಿರಿಯರು ತಮ್ಮ ತಮ್ಮ ಕಾಲಬೆರಳು ನೋಡುತ್ತ ಕುಳಿತರು. ಅಜ್ಜಿ ಮಾತ್ರ ಗೋಡೆ ಹಿಡಿದು ಎದ್ದು, ಹತ್ತಿರ ಬಂದು, ಮೊದಲು ಹುಡುಗನ ಗದ್ದ ಹಿಡಿದು ನೋಡಿದರು, ಆಮೇಲೆ ಮೊಮ್ಮಗಳ ಗದ್ದ ಹಿಡಿದು ನೋಡಿದರು. ಮತ್ತೊಮ್ಮೆ ಅವನ ಕಡೆ, ಮತ್ತೊಮ್ಮೆ ಇವಳ ಕಡೆ.

"ಇವಗ ಎಲ್ಲಿ ಬೆಳ್ಳಗ ಐತಿ, ಇಕಿಗೆ ಅಲ್ಲೇ ಕರ್ರಗ ಐತಿ," ಎಂದರು ಅಜ್ಜಿ ಹುಡುಗಿಯ ತಂದೆಯ ಕಡೆ ತಿರುಗಿ. "ಇಬ್ಬರನ್ನೂ ಕೂಡಿಸಿದ್ರ ಒಂದ ಪೂರಾ ಮಾರಿ ಆಕ್ಕೈತಿ. ಸುಮ್ನ ಮುಹೂರ್ತ ನೋಡಸ್ರಿ."