ಅಟ್ಟದ ಮೇಲಿನ ಟೆಕ್ನೋ

ಮೈಕ್ ಸೆಟ್ ಅಂಗಡಿ ಇಟ್ಟೋನಿಗೆ ಮರ್ಯಾದೆ ಹೋಗೋ ಪ್ರಸಂಗಗಳಿಗೆ ಬರ ಇಲ್ಲ. ತಿಪಟೂರಲ್ಲಿ ಅಂಗಡಿ ತೆಗೆದಾಗಿಂದ ನನಗೆ ವಾರಕ್ಕೊಂದು ಗ್ಯಾರಂಟಿ. ನಾನೇ ಒಂದು ಆಲ್ಬಮ್ ಮಾಡಿದ ಮೇಲಂತೂ ದಿನಕ್ಕೊಂದು.

ಆಲ್ಬಮ್ ಅಂದ್ರೆ ಎಂಟು ಟ್ರ್ಯಾಕಿನ ಟೆಕ್ನೋ. ಅದರಲ್ಲಿ ಹಾಡಿಲ್ಲ, ಹಾಡೋರೂ ಇಲ್ಲ. ಕಂಪ್ಯೂಟರಲ್ಲಿ ಕೂರಿಸಿದ ಒಂದೇ ಏಟು ಬಿಡದೆ ಬೀಳ್ತಾ ಇರ್ಬೇಕು, ಮಿಕ್ಕ ಸದ್ದೆಲ್ಲ ಒಂದೊಂದೇ ಬಂದು ಅದಕ್ಕೆ ಸೇರ್ಕೋಬೇಕು. ಹೊರದೇಶದೋರು ಇದಕ್ಕೆ ಮೆಷಿನ್ ಸದ್ದು ಹಾಕ್ತಾರೆ. ನಾನು ನಮ್ಮನೆ ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ್ದ ಕಾಯಿಗಳನ್ನ ಅಲ್ಲಾಡಿಸಿ, ಆ ಸದ್ದು ರೆಕಾರ್ಡ್ ಮಾಡಿ ಹಾಕಿದೆ. ಎರಡು ವರ್ಷದ ಕೆಲಸ. ಟೆಕ್ನೋ ಬಲ್ಲೋರ ಬಾಯಲ್ಲೇ ‘ಇದು ಟೆಕ್ನೋ’ ಅನ್ನಿಸೋವರೆಗೂ ಬಿಡೋದಿಲ್ಲ ಅಂತ ಹಟ ಹಿಡಿದೆ.

ದಬ್ಬೇಘಟ್ಟದ ಗೃಹಪ್ರವೇಶ

ಮೊದಲ ಪ್ರಯೋಗ ದಬ್ಬೇಘಟ್ಟದಲ್ಲಿ. ಗೃಹಪ್ರವೇಶಕ್ಕೆ ನಂದೇ ಮೈಕ್ ಸೆಟ್ಟು. ಪೂಜೆ ಮುಗೀತು, ಜನ ಊಟಕ್ಕೆ ಕೂತ್ರು. ಇದೇ ಸಮಯ ಅಂತ ನನ್ನ ಆಲ್ಬಮ್ ಹಾಕಿದೆ. ಎರಡು ಪಂಕ್ತಿ ಎದ್ದೋದ್ರೂ ಒಬ್ಬರೂ ತಕರಾರು ತೆಗೀಲಿಲ್ಲ. ಅಬ್ಬಾ, ಗೆದ್ದೆ ಅಂದ್ಕೊಂಡೆ! ಮನೆ ಯಜಮಾನರು ಕೈ ತೊಳ್ಕೊಂಡು ಹತ್ರ ಬಂದ್ರು.

“ಹೆಂಗಿತ್ತು ಯಜಮಾನ್ರೇ?”

“ಇನ್ನೂ ಮೈಕ್ ಸರಿ ಹೋಗ್ಲಿಲ್ವೇನಪ್ಪ? ಪಾಪ, ಊಟ ಮಾಡ್ಕೊಂಡು ಬಂದು ರಿಪೇರಿ ಮಾಡು ಹೋಗು.”

ಚಿಕ್ಕನಾಯಕನಹಳ್ಳಿ ಬಸ್ಸು

ಬಸ್ಸಲ್ಲಿ ಕೂತೋರು ಎದ್ದು ಎಲ್ಲಿಗೋಗ್ತಾರೆ, ಕೇಳ್ಲೇಬೇಕು ತಾನೆ? ಚಿಕ್ಕನಾಯಕನಹಳ್ಳಿ ಕಡೆ ಖಾಸಗಿ ಬಸ್ ಓಡಿಸೋ ಗೆಳೆಯನಿಗೆ ಪೆನ್‌ಡ್ರೈವ್ ಕೊಟ್ಟು ನಾನೂ ಹಿಂದಿನ ಸೀಟಲ್ಲಿ ಕೂತೆ. ಅವನು ಅದನ್ನ ಸಿಕ್ಕಿಸಿ ಮರ್ತೇಬಿಟ್ಟ. ಎರಡನೇ ಟ್ರ್ಯಾಕಲ್ಲಿ ಕಾಯಿ ಲೊಡಲೊಡ ಅನ್ನೋಕೆ ಶುರು ಆಯ್ತು ನೋಡಿ, ಗಕ್ಕನೆ ಬ್ರೇಕ್ ಹಾಕಿದ. “ವೀಲ್ ಬೇರಿಂಗ್ ಹೋಯ್ತು, ಎಲ್ಲಾ ಇಳೀರಿ!” ಅಂದ.

ಬಸ್ಸು ಖಾಲಿ ಆಯ್ತು. ಅವನು ಚಕ್ರದಡಿ ತೂರಿ ಸುತ್ತಿಗೇಲಿ ಕುಟ್ತಾನೆ, ಇಂಜಿನ್ ಆಫ್ ಆದ್ರೂ ಸದ್ದು ನಿಲ್ತಾನೇ ಇಲ್ಲ. ಕಡೆಗೆ ನಾನೇ ಹೋಗಿ ಪೆನ್‌ಡ್ರೈವ್ ಕಿತ್ತೆ. ಲೋಕವೇ ತಣ್ಣಗಾಯ್ತು.

ಮೈಯೆಲ್ಲ ಧೂಳು ಮಾಡ್ಕೊಂಡು ಎದ್ದ ಗೆಳೆಯ ಪೆನ್‌ಡ್ರೈವ್ ಕಡೆ ಸುತ್ತಿಗೆ ತೋರಿಸಿದ. “ಲೇ, ಅದನ್ನ ಮೊದ್ಲು ಗ್ಯಾರೇಜಿಗೆ ಬುಡ್ಲಾ!”

ಇತರೆ

ಊರಿನೋರು ಬೇಡ, ಬಲ್ಲೋರಿಗೇ ಕಳಿಸೋಣ ಅಂತ ಬೆಂಗಳೂರಲ್ಲಿ ಟೆಕ್ನೋ ಆಲ್ಬಮ್ ಬಿಡುಗಡೆ ಮಾಡೋ ಒಂದು ತಂಡಕ್ಕೆ ಕಳಿಸಿದೆ. ಉತ್ತರ ಬಂತು: “ಸದ್ದು ಹೊಸದಾಗಿದೆ. ಆದರೆ ಮೂರನೇ ಟ್ರ್ಯಾಕಿನಲ್ಲಿ ಏಟು ಜಾರುತ್ತಿದೆ. ಇದನ್ನು ಟೆಕ್ನೋ ಅನ್ನಲಾಗದು. ಸರಿಪಡಿಸಿ, ಇಲ್ಲವೇ ಬೇರೆ ವರ್ಗದಲ್ಲಿ ಕಳಿಸಿ.”

ಮೈಯೆಲ್ಲ ಉರಿದೋಯ್ತು. ನನ್ನ ಹೆಂಡತಿ ಸಮಾಧಾನ ಹೇಳಿದ್ಲು, “‘ಇತರೆ’ ಅಂತ ಬರೆದು ಕಳಿಸ್ರೀ. ಅರ್ಜಿಗಳಲ್ಲಿ ತಿಳೀದಿದ್ದಕ್ಕೆಲ್ಲ ನಾವು ಹಂಗೇ ಅಲ್ವಾ ಬರೆಯೋದು?”

“ಇತರೆ ಅನ್ನಿಸ್ಕೊಳ್ಳೋಕೆ ಎರಡು ವರ್ಷ ಅಟ್ಟ ಹತ್ತಿ ಇಳಿದ್ನೇನೇ?”

“ಹತ್ತಿದ್ದೇನೋ ನಿಜ. ಒಂದಿನನಾದ್ರೂ ಅಟ್ಟದ ಕಸ ಗುಡಿಸಿದ್ರಾ?”

ಅವ್ವನ ಕಿವಿ

ಹದಿನೈದು ದಿನ ಆ ಮೂರನೇ ಟ್ರ್ಯಾಕು ಜಾಲಾಡಿದೆ. ಕಂಪ್ಯೂಟರ್ ಪರದೆ ಮೇಲೆ ಒಂದೊಂದು ಏಟೂ ಗೆರೆ ಎಳೆದಂಗೆ ನೆಟ್ಟಗೈತೆ. ಕಿವಿಗೆ ಮಾತ್ರ ಜಾರ್ತದೆ. ಸೋತು, ಕಾಯಿ ತೆಗೆದ ಜಾಗದಲ್ಲೇ ಕೂತು ಕೇಳೋಣ ಅಂತ ಸ್ಪೀಕರ್ ಹೊತ್ಕೊಂಡು ಅಟ್ಟ ಹತ್ತಿದೆ.

ಅಲ್ಲಿ ನಮ್ಮವ್ವ ಕಾಯಿ ಆರಿಸ್ತಾ ಕೂತಿದ್ಲು. ನಮ್ಮ ಕಡೆ ಕಾಯನ್ನ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ರೆ ಕೊಬ್ಬರಿ ಆಯ್ತು ಅಂತ. ಒಡೆದು ನೋಡೋ ಹಂಗಿಲ್ಲ, ಕಿವಿ ಹತ್ರ ಅಲ್ಲಾಡಿಸಿ ಸದ್ದಲ್ಲೇ ಹೇಳ್ಬೇಕು. ಅವ್ವನಿಗೆ ಅದೇ ಜೀವಮಾನದ ಕೆಲಸ.

ಆಲ್ಬಮ್ ಹಾಕಿದೆ. ಅವ್ವ ತಲೆ ಎತ್ತಲಿಲ್ಲ. ಮೂರನೇ ಟ್ರ್ಯಾಕು ಬಂತು, ಕೈ ಎತ್ತಿದ್ಲು.

“ನಿಲ್ಸು. ಆ ಕಾಯಿ ಇನ್ನೂ ಹಸಿ ಕಣೋ.”

“ಯಾವ ಕಾಯವ್ವ?”

“ನಿನ್ನ ಡಬ್ಬದೊಳಗೆ ಲೊಡಕ್ ಅಂತಲ್ಲ, ಅದು. ತಿರುಳು ಒಂದ್ಸಲ ಬಡೀತದೆ, ಹಿಂದೇನೇ ನೀರು ಬಂದು ಬೀಳ್ತದೆ. ಇನ್ನೂ ಮೂರು ತಿಂಗಳು ಬೇಕು. ಯಾರ್ಲಾ ಇದನ್ನ ಆರಿಸಿದ್ದು?”

ನಾನೇ ಆರಿಸಿದ್ದು, ಇನ್ಯಾರು! ಏಟಿನ ಹಿಂದೆ ಬೀಳ್ತಿದ್ದ ಆ ನೀರೇ ಕಿವಿಗೆ ಜಾರಿದಂಗೆ ಕೇಳ್ತಿತ್ತು. ಅವ್ವನೇ ಆರಿಸಿಕೊಟ್ಟ ಒಣ ಕಾಯಲ್ಲಿ ಮತ್ತೆ ರೆಕಾರ್ಡ್ ಮಾಡಿ ಕಳಿಸಿದೆ. ಎರಡೇ ದಿನಕ್ಕೆ ಬೆಂಗಳೂರಿಂದ ಉತ್ತರ: “ಈಗ ಇದು ಅಪ್ಪಟ ಟೆಕ್ನೋ. ಬಿಡುಗಡೆ ಮಾಡುತ್ತೇವೆ. ಏಟು ಸರಿಪಡಿಸಿದ್ದು ಯಾವ ಸಾಫ್ಟ್‌ವೇರ್?”

ನನಗೆ ಕಣ್ಣಲ್ಲಿ ನೀರೇ ಬಂತು. ಎರಡೆರಡು ಮೆಟ್ಟಿಲು ಹಾರಿ ಅಟ್ಟ ಹತ್ತಿದೆ. “ಅವ್ವಾ, ಟೆಕ್ನೋ ಆಯ್ತಂತೆ!”

ಅವ್ವ ಸುಮ್ಮನೆ ಒಪ್ಪೋಳಲ್ಲ. ಸ್ಪೀಕರ್ ಎತ್ತಿ ಕಿವಿಗಿಟ್ಕೊಂಡು ಎಂಟೂ ಟ್ರ್ಯಾಕು, ಒಂದೂ ಬಿಡದೆ ಕೇಳಿದ್ಲು. ನಮ್ಮೂರಲ್ಲಿ ಪೂರ್ತಿ ಕೇಳಿದ ಮೊದಲನೇ ಜೀವ ಇವಳೇ. ಸ್ಪೀಕರನ್ನ ಒಣಗಿದ ಕಾಯಿ ರಾಶಿ ಕಡೆಗೆ ಇಟ್ಟು ಅಂದ್ಲು:

“ಟೆಕ್ನೋ ಗಿಕ್ನೋ ನಂಗೊತ್ತಿಲ್ಲ ಕಣಪ್ಪ. ಈಗ ಕೊಬ್ಬರಿ ಆಗೈತೆ.”