ಚಿಕ್ಕತಾತನ ಮೂಗ ಕಂಪ್ಯೂಟರ್

ಮಕ್ಕಳೇ, ನಿಮ್ಮ ಚಿಕ್ಕತಾತನ ಮನೆಯಲ್ಲಿ ಒಂದು ಪಾತ್ರೆಗೆ ಅದರ ಮುಚ್ಚಳ ಸರಿಯಾಗಿ ಕೂತಿದ್ದು ಕಂಡರೆ ಅದು ಆ ಮನೆಯ ಪಾತ್ರೆಯೇ ಅಲ್ಲ! ಪಕ್ಕದ ಮನೆಯವರು ಸಾರು ಹಾಕಿ ಕಳಿಸಿರುತ್ತಾರೆ. ತೊಳೆದು ವಾಪಸು ಕೊಡಬೇಕು.

ಚಿಕ್ಕತಾತ ಎಂದರೆ ನಿಮ್ಮ ತಾತನ ತಮ್ಮ, ನನ್ನ ಮೈದುನ. ಗುಬ್ಬಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದವನು, ಈಗ ತುಮಕೂರಿನ ಸದಾಶಿವನಗರದಲ್ಲಿದ್ದಾನೆ. ನಿಮ್ಮ ತಾತ ಹೋದ ಮೇಲೆ ನಾನೂ ಅಲ್ಲೇ ಇದ್ದೇನೆ. ನಾನು ಮದುವೆಯಾಗಿ ಕಡಬದ ಮನೆಗೆ ಬಂದಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗ. ಆಗಲೇ ಸೈಕಲ್ಲಿನ ಬೆಲ್ಲು ಬಿಚ್ಚಿ ಎಮ್ಮೆಯ ಕೊಂಬಿಗೆ ಕಟ್ಟಿದ್ದ. ಎಮ್ಮೆ ತಲೆ ಒದರಿದಾಗಲೆಲ್ಲ ನಮ್ಮ ಮಾವನವರು ಪೋಸ್ಟ್‌ಮ್ಯಾನ್ ಬಂದನೆಂದು ಬಾಗಿಲಿಗೆ ಓಡುತ್ತಿದ್ದರು!

ದೊಡ್ಡವನಾದ ಮೇಲೆ ಬುದ್ಧಿ ಬಂತೇ? ಎಲ್ಲಿಂದ ಬರಬೇಕು! ಒಂದು ಕಂಪನಿಯ ಮಿಕ್ಸಿಗೆ ಇನ್ನೊಂದು ಕಂಪನಿಯ ಜಾರು ಕೂರಿಸಿದ. ಕಾಯಿ ಚಟ್ನಿ ನೇರವಾಗಿ ಹೋಗಿ ತಾರಸಿಗೆ ಅಂಟಿಕೊಂಡಿತು. ಅವನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡಿದಳು. “ರೀ, ಇಡ್ಲೀನೂ ಮೇಲಕ್ಕೇ ಎಸೀಲಾ? ಅಲ್ಲೇ ಅದ್ದಿಕೊಂಡು ಬರ್ತದೆ” ಎಂದಳು.

ಅವನಿಗೆ ಬೇಜಾರೇ ಇಲ್ಲ. ಅವನದೊಂದು ಸಿದ್ಧಾಂತ ಇದೆ. “ಅತ್ತಿಗೆ, ಒಂದೇ ಫ್ಯಾಕ್ಟ್ರೀಲಿ ಹುಟ್ಟಿದ್ದು ಒಂದಕ್ಕೊಂದು ಸೇರ್ಕಂಡ್ರೆ ಅದ್ರಲ್ಲೇನು ಹೆಚ್ಚುಗಾರಿಕೆ? ಸೇರ್ದೆ ಇರೋದನ್ನ ಸೇರ್ಸೋದು ನೋಡಿ, ಅದು ಕೆಲಸ!”

ಇಂಥವನ ಮಗಳು ಕಾವ್ಯಳಿಗೆ ಕುಣಿಗಲ್ಲಿನಲ್ಲಿ ಗಂಡು ಗೊತ್ತಾಯಿತು. ಆ ಮದುವೆಗೆ ನೀವೂ ಬಂದಿದ್ದಿರಿ. ಬಂದು, ಚಿಕ್ಕತಾತನ ಕಂಪ್ಯೂಟರ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನು ನೋಡಿದೆ. ಎದುರಿಗೆ ನಿಂತು ಹೇಳಲು ನನಗೆ ಮಾತು ಬರುವುದಿಲ್ಲ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಡೆದದ್ದು ಹೀಗೆ. ಮದುವೆಗೆ ಇನ್ನೂ ಕೆಲವು ತಿಂಗಳಿರುವಾಗಲೇ, ಅರಿಶಿನ ಹಚ್ಚುವ ದಿನ ದೊಡ್ಡಮ್ಮನೇ ಸೋಬಾನೆ ಹಾಡಬೇಕು ಎಂದು ಕಾವ್ಯ ಹಟ ಹಿಡಿದಳು. ದೊಡ್ಡಮ್ಮ ಎಂದರೆ ನಾನು. ಹಿಂದೆ ಕಡಬದಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆ ಪದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಸೆರಗು ಮುಖಕ್ಕೆ ಅಡ್ಡ ಹಿಡಿದುಕೊಂಡಾದರೂ ಹಾಡುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ಹಾಡಿಲ್ಲ.

ಹೆಬ್ಬೂರಿನಿಂದ ನಮ್ಮ ದೊಡ್ಡ ನಾದಿನಿ ಬಂದಿದ್ದರು. ನಿಮ್ಮ ತಾತನಿಗೂ ಚಿಕ್ಕತಾತನಿಗೂ ಅಕ್ಕ, ಮನೆಗೆ ಹಿರಿಯರು. ಅವರು ಎಲೆ ಅಡಿಕೆ ಪಕ್ಕಕ್ಕೆ ಸರಿಸಿ ಹೇಳಿದರು: “ಅವಳ ಗಂಟಲು ನಂಗೊತ್ತಿಲ್ವೇನೇ? ಆದ್ರೂ ಮುತ್ತೈದೇರು ಹಚ್ಚೋ ಅರಿಶಿನಕ್ಕೆ ಮುತ್ತೈದೇರೇ ಹಾಡ್ಬೇಕು ಕಣಮ್ಮ. ನಾನು ಮಾಡಿದ್ ನೇಮ ಅಲ್ಲ.”

ಎಲ್ಲರಿಗಿಂತ ಮೊದಲು ನಾನೇ ‘ಹೌದೌದು’ ಎಂದು ತಲೆಯಾಡಿಸಿದೆ. ಆಮೇಲೆ ಒಳಗೆ ಹೋಗಿ ಈರುಳ್ಳಿ ಹೆಚ್ಚಲು ಕೂತೆ. ಈರುಳ್ಳಿ ಮುಂದಿದ್ದರೆ ಒಂದು ಅನುಕೂಲ, ಕಣ್ಣು ಯಾಕೆ ಕೆಂಪಾಯಿತು ಎಂದು ಯಾರೂ ಕೇಳುವುದಿಲ್ಲ.

ನಡುಮನೆಯಿಂದ ಮೈದುನನ ದನಿ ಕೇಳಿಸಿತು. “ಅಕ್ಕಾ, ಮಿಷಿನ್ನು ಹಾಡಿದ್ರೆ ಆಗ್ತದಾ?”

“ಮಿಷಿನ್ನಿಗೇನ್ಲಾ! ಅದಕ್ಕೇನು ಗಂಡನಾ, ಮಕ್ಕಳಾ! ಹಾಡ್ಕಳ್ಳಿ ಬುಡು.”

ಅಷ್ಟು ಸಾಕಾಯಿತು ನೋಡಿ ಅವನಿಗೆ!

ಕೆಲವು ವರ್ಷಗಳ ಹಿಂದೆ, ನಿಮ್ಮ ತಾತ ಇದ್ದಾಗಲೇ, ನಾನು ಅವರೆಕಾಳು ಸುಲಿಯುತ್ತ ಗುನುಗುತ್ತಿದ್ದ ಪದಗಳನ್ನು ಕಾವ್ಯ ನನಗೆ ಗೊತ್ತಿಲ್ಲದ ಹಾಗೆ ತನ್ನ ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟಿದ್ದಳು. ಅದು ಕಚ್ಚಿದ ಹಣ್ಣಿನ ಗುರುತಿರುವ ಲ್ಯಾಪ್‌ಟಾಪು. ಆಮೇಲೆ ಅದರ ಮೇಲೆ ಕಾಫಿ ಬಿದ್ದು ಅದು ತೀರಿಕೊಂಡಿತು. ಹಾಡುಗಳು ಮಾತ್ರ ಹೆಬ್ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಉಳಿದಿದ್ದವು. ಆದರೆ ಅವಕ್ಕೆ ಎಂಥ ಬಿಗುಮಾನ! ಆ ಲ್ಯಾಪ್‌ಟಾಪಿನದೇ ಯಾವುದೋ ಪ್ರೋಗ್ರಾಮಿನಲ್ಲಿ ಹಿಡಿದದ್ದಾದ್ದರಿಂದ, ಅದರ ಮ್ಯಾಕ್ ಓಎಸ್ ಎನ್ನುವುದು ಓಡುವ ಕಂಪ್ಯೂಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಬಾಯಿ ಬಿಡುವುದಿಲ್ಲವಂತೆ.

“ಅಪ್ಪ, ನನ್ನ ಫ್ರೆಂಡ್ ಹತ್ರ ಮ್ಯಾಕ್ ಇದೆ. ಹತ್ತು ನಿಮಿಷದ ಕೆಲಸ” ಎಂದಳು ಕಾವ್ಯ.

“ನಿಮ್ಮ ದೊಡ್ಡಮ್ಮ ಯಾರದೋ ಮನೇಲಿ ಹೋಗಿ ಯಾಕೆ ಹಾಡ್ಬೇಕು? ನಾನೇ ಮಾಡ್ತೀನಿ” ಎಂದವನೇ ಪೆನ್‌ಡ್ರೈವನ್ನು ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟ. ಅವತ್ತಿನಿಂದ ನಾವು ಅಕ್ಕಿ ಅಳೆಯುವಾಗ ಕಲ್ಲು ಹುಡುಕುವುದು ಬಿಟ್ಟು ಸೋಬಾನೆ ಹುಡುಕುವಂತಾಯಿತು!

ಅವನು ಮಾಡುತ್ತೇನೆ ಅಂದದ್ದು ಏನನ್ನು? ಬಿಡಿ ಸಾಮಾನು ಕೊಂಡು ತಾನೇ ಒಂದು ಕಂಪ್ಯೂಟರ್ ಜೋಡಿಸಿ, ಅದರೊಳಗೆ ಆ ಮ್ಯಾಕ್ ಓಎಸ್ಸನ್ನು ಓಡಿಸುವುದನ್ನು. ಆ ಕಂಪನಿಯವರು ತಮ್ಮದೇ ಯಂತ್ರಕ್ಕೆಂದು ಹೆಣೆದದ್ದನ್ನು ಇವನು ಊರೂರಿನ ಸಾಮಾನಿಗೆ ಗಂಟು ಹಾಕುತ್ತಾನಂತೆ. ಬೋರ್ಡು ಒಂದು ಅಂಗಡಿಯದು, ಪೆಟ್ಟಿಗೆ ಗುಜರಿಯದು, ಫ್ಯಾನು ಎಲ್ಲಿಯದೋ ದೇವರಿಗೇ ಗೊತ್ತು. ಅರಿಶಿನದ ದಿನದೊಳಗೆ ಆ ಡಬ್ಬ ಹಾಡಬೇಕು. ಹಾಡಲಿಲ್ಲವೋ, ಮಗಳ ಆಸೆಯೂ ಹೋಯಿತು, ನೆಂಟರ ಮುಂದೆ ಅವನ ಮಾನವೂ ಹೋಯಿತು. ಯಾಕೆಂದರೆ ಲಗ್ನಪತ್ರಿಕೆಗಿಂತ ಮೊದಲು ಈ ಸುದ್ದಿಯನ್ನೇ ಅವನು ಊರಿಗೆಲ್ಲ ಹಂಚಿದ್ದ!

ಮೊದಲ ದಿನ ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನ ಹಾಗೆ ಓಡಿದವು. ಇವನು ತುಟಿ ಅಲುಗಿಸುತ್ತ ಒಂದೊಂದು ಸಾಲನ್ನೂ ಓದುತ್ತಿದ್ದ. ವಾರಗಿತ್ತಿ ಪೂಜೆಯ ತಟ್ಟೆ ಹಿಡಿದುಕೊಂಡು ಕಾದು ನಿಂತಳು. “ನಿಮ್ಮ ಸಹಸ್ರನಾಮ ಮುಗೀತಾ? ಮಂಗಳಾರತಿ ಎತ್ತಲಾ?” ಅಷ್ಟರಲ್ಲಿ ಪರದೆ ಪೂರ್ತಿ ಕಪ್ಪಾಯಿತು. ಚಿತ್ರ ತೋರಿಸುವ ಕಾರ್ಡು ಆ ಮ್ಯಾಕ್ ಓಎಸ್ಸಿಗೆ ಹಿಡಿಸಲಿಲ್ಲವಂತೆ. ಬೇರೆ ಕಾರ್ಡು ತಂದ. ಚಿತ್ರ ಬಂತು. ಆದರೆ ಹೊಸ ಕಾರ್ಡು ಉದ್ದವಾಗಿ ಪೆಟ್ಟಿಗೆಯ ಬಾಗಿಲು ಮುಚ್ಚಲಿಲ್ಲ. ಅದನ್ನು ನನ್ನ ಹಳೆಯ ಲಂಗದ ಲಾಡಿಯಿಂದ ಬಿಗಿದು ಕಟ್ಟಿದ!

ಆಮೇಲೆ ವೈಫೈ. ಅವನು ಹಾಕಿದ್ದ ವೈಫೈ ಚೂರನ್ನು ಮ್ಯಾಕ್ ಓಎಸ್ಸು ಕಣ್ಣೆತ್ತಿಯೂ ನೋಡಲಿಲ್ಲ. ಸರಿ, ನಡುಮನೆಯಿಂದ ಅವನ ಕೋಣೆಯವರೆಗೆ ಎದೆಯೆತ್ತರಕ್ಕೆ ಒಂದು ನೀಲಿ ತಂತಿ ಎಳೆದ. ಮಳೆ ಬೇರೆ ಹಿಡಿದಿತ್ತು. ನನಗೇನು ಗೊತ್ತು? ಒಳ್ಳೆಯ ಕೆಲಸ ಮಾಡಿದ ಎಂದುಕೊಂಡು ಎರಡು ಒದ್ದೆ ಸೀರೆ ಹರವಿದೆ.

ಕೋಣೆಯೊಳಗಿಂದ ಕೂಗು ಬಂತು: “ಅತ್ತಿಗೇ! ಇಂಟರ್ನೆಟ್ ಮೇಲೆ ಸೀರೆ ಹಾಕಿದೀರಲ್ಲಾ!”

“ಇನ್ನೇನು ಒಣಗ್ತದಪ್ಪ, ಆಮೇಲೆ ತಗೋ” ಎಂದೆ.

ಇದೆಲ್ಲ ಹೇಗೋ ಆಯಿತು ಅನ್ನುವಷ್ಟರಲ್ಲಿ ಡಬ್ಬಕ್ಕೆ ನಿದ್ದೆಯ ಕಾಯಿಲೆ ಬಂತು. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಮಲಗಿಬಿಡುತ್ತಿತ್ತು, ಮಲಗಿದರೆ ಏಳುತ್ತಿರಲಿಲ್ಲ. ಸಾಮಾನು ತರಲು ಪೇಟೆಗೆ ಹೋಗುವಾಗ ಅದರ ಕಾವಲಿಗೆ ನನ್ನನ್ನು ಕೂರಿಸಿ ಹೋಗುತ್ತಿದ್ದ. ನನ್ನ ಕೆಲಸ ಇಷ್ಟೆ, ಆಗಾಗ ಅದರ ಇಲಿಯನ್ನು, ಅಂದರೆ ಮೌಸನ್ನು, ಅಲ್ಲಾಡಿಸುವುದು. ಒಂದು ಕೈಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಇನ್ನೊಂದು ಕೈಯಲ್ಲಿ ಇಲಿ ಅಲ್ಲಾಡಿಸುತ್ತ ಕೂತಿರುತ್ತಿದ್ದೆ. ನನ್ನ ಮಕ್ಕಳ ತೊಟ್ಟಿಲನ್ನೂ ಇಷ್ಟು ತೂಗಿರಲಿಲ್ಲ. ತೊಟ್ಟಿಲನ್ನಾದರೂ ಮಲಗಲಿ ಎಂದು ತೂಗುತ್ತೇವೆ, ಇದನ್ನು ಮಲಗದಿರಲಿ ಎಂದು ತೂಗಬೇಕಲ್ಲ!

ಕೊನೆಗೆ ಉಳಿದದ್ದು ಸದ್ದು. ಚಿತ್ರ ಬಂತು, ಇಂಟರ್ನೆಟ್ ಬಂತು, ಡಬ್ಬ ಎಚ್ಚರವಾಗಿಯೂ ಇರುತ್ತಿತ್ತು. ಹಾಡು ತೆರೆದರೆ ಪರದೆಯ ಮೇಲೆ ನನ್ನ ಗಂಟಲು ಹಸಿರು ಗೆರೆಯಾಗಿ ಏರುತ್ತದೆ, ಇಳಿಯುತ್ತದೆ. ಕಿವಿಗೆ ಮಾತ್ರ ಏನೂ ಇಲ್ಲ! ಬೋರ್ಡಿನೊಳಗೆ ಸದ್ದು ಹೊರಡಿಸುವ ಒಂದು ಚಿಪ್ಪು ಇದೆಯಂತೆ. ಅದಕ್ಕೆ ಸರಿಹೊಂದುವ ಒಂದು ಸಂಖ್ಯೆ ಕೊಡಬೇಕಂತೆ. ಯಾವ ಸಂಖ್ಯೆ? ಅದನ್ನು ಒಂದೊಂದಾಗಿ ಹಾಕಿ ನೋಡಬೇಕು. ಸಂಖ್ಯೆ ಬದಲಿಸಿದಾಗಲೆಲ್ಲ ಡಬ್ಬವನ್ನು ಆರಿಸಿ ಹೊತ್ತಿಸಬೇಕು. ಪ್ರತಿ ಸಲವೂ “ಅತ್ತಿಗೆ, ಏನಾದ್ರೂ ಕೇಳಿಸ್ತಾ?” ಎನ್ನುವನು. ನಾನು ಬಾಗಿಲ ಹತ್ತಿರ ನಿಂತು ಕಿವಿಗೊಡಬೇಕು. ಒಂದು ಸಲ “ಬಂತು, ಬಂತು!” ಎಂದೆ. ಅವನು ಕುರ್ಚಿಯಿಂದ ಎಗರಿ ಓಡಿಬಂದ. ನೋಡಿದರೆ ಹೊರಗೆ ಸೊಪ್ಪಿನವಳು ಕೂಗುತ್ತಿದ್ದಳು!

ಹುಡುಕಾಟ ಕುಣಿಗಲ್ಲಿನ ಬೀಗರ ಮನೆಯನ್ನೂ ಬಿಡಲಿಲ್ಲ. ಮದುವೆ ಮಾತಿಗೆಂದು ಹೋಗಿದ್ದೆವು. ಎಲ್ಲರೂ ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದರು. ಮೂಲೆಯ ಮೇಜಿನ ಕೆಳಗೆ ಮದುವೆ ಗಂಡಿನ ಕಂಪ್ಯೂಟರ್ ಇತ್ತು. ಅದರ ಬೋರ್ಡೂ ಇವನದರ ಹಾಗೆಯೇ ಇರಬಹುದು ಎಂಬ ಅನುಮಾನ ಬಂದದ್ದೇ ತಡ, ನಮ್ಮ ಮೈದುನ ಪಂಚೆ ಎತ್ತಿಕಟ್ಟಿ ಮೇಜಿನ ಕೆಳಗೆ ನುಸುಳಿದ. ಬೀಗರು ಗಾಬರಿಯಾದರು. “ಏನ್ ಬಿತ್ತು? ಉಂಗುರವಾ?” ಎನ್ನುತ್ತ ಅವರೂ ಮಂಡಿಯೂರಿ ನುಸುಳಿದರು. ಎರಡು ಮನೆಯ ಯಜಮಾನರ ಪಾದಗಳು ಮಾತ್ರ ನಮ್ಮ ಕಡೆಗಿದ್ದವು!

“ಉಂಗ್ರ ಅಲ್ಲ ಬೀಗ್ರೆ, ಸದ್ದು” ಎಂದ ಇವನು ಒಳಗಿನಿಂದ.

ವಾರಗಿತ್ತಿ ನನ್ನ ಕಿವಿಯಲ್ಲಿ, “ಅಕ್ಕ, ಈ ಸಂಬಂಧ ಉಳೀತು ಅಂದ್ರೆ ಅದು ನಮ್ಮ ಪುಣ್ಯ” ಎಂದಳು.

ಸಂಬಂಧ ಉಳಿಯಿತು. ಬೀಗರೂ ಇವನ ಹಾಗೇ ಇದ್ದರು ಎನ್ನಿ, ಮೇಜಿನ ಕೆಳಗೇ ಇಬ್ಬರೂ ಸ್ನೇಹಿತರಾದರು. ಸದ್ದು ಮಾತ್ರ ಸಿಗಲಿಲ್ಲ.

ಅರಿಶಿನದ ದಿನ ಬಂದೇ ಬಂತು. ಬೆಳಿಗ್ಗೆ ಮನೆಮುಂದೆ ಶಾಮಿಯಾನ ಕಟ್ಟುತ್ತಿದ್ದರು. ನಾನು ಅಡಿಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಯಾರೋ ಹೆಂಗಸು ಸೋಬಾನೆ ಹಾಡುವುದು ಕೇಳಿಸಿತು. ಇಷ್ಟು ಬೇಗ ಯಾರು ಬಂದರಪ್ಪ, ಗಂಟಲು ಚೆನ್ನಾಗಿದೆ ಎಂದುಕೊಂಡೆ. ಮದುಮಗಳನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಬರುವ ಪದ. ಎರಡು ಸಾಲು ಮುಗಿಯುವ ಹೊತ್ತಿಗೆ ಗೊತ್ತಾಯಿತು, ಅದು ನಾನೇ!

ಕೈಯಲ್ಲಿದ್ದ ಇಕ್ಕಳ ಹಾಗೇ ಹಿಡಿದುಕೊಂಡು ಬಾಗಿಲ ಹಿಂದೆ ಸರಿದು ನಿಂತೆ. ಕೊನೆಗೂ ಆ ಸಂಖ್ಯೆ ಸಿಕ್ಕಿತ್ತು; ಆ ಕಡೆ ಮೈದುನ ಡಬ್ಬದ ಮುಂದೆ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡು ಕೂತಿದ್ದ. ಪದ ಪೂರ್ತಿ ಮುಗಿಯುವವರೆಗೆ ಅವನೂ ಅಲುಗಲಿಲ್ಲ, ನಾನೂ ಅಲುಗಲಿಲ್ಲ. ಹಾಲು ಮಾತ್ರ ಉಕ್ಕಿ ಒಲೆಯನ್ನೆಲ್ಲ ಆರಿಸಿತು.

“ಅತ್ತಿಗೆ, ಯಾರಿಗೂ ಹೇಳ್ಬೇಡಿ. ಎಲ್ರ ಮುಂದೆ ಒಂದೇ ಸಲ ಕೇಳಿಸ್ತೀನಿ. ನಗ್ತಿದ್ರಲ್ಲ ಎಲ್ರೂ!” ಎಂದ. ಅವನ ಮುಖ ಎಮ್ಮೆಗೆ ಬೆಲ್ಲು ಕಟ್ಟಿದ ಹುಡುಗನ ಮುಖದ ಹಾಗೇ ಇತ್ತು.

ಮಧ್ಯಾಹ್ನ ಶಾಮಿಯಾನದ ಕೆಳಗೆ ಕಾವ್ಯಳನ್ನು ಹಸೆಮಣೆಯ ಮೇಲೆ ಕೂರಿಸಿದರು. ಅವಳ ಪಕ್ಕ ಒಂದು ಸ್ಟೂಲಿನ ಮೇಲೆ ಲಾಡಿ ಕಟ್ಟಿದ ಡಬ್ಬ. ನಾನು ವಾಡಿಕೆಯಂತೆ ದೂರದಲ್ಲಿ ಕಂಬದ ಹಿಂದೆ ನಿಂತಿದ್ದೆ. ಹೆಬ್ಬೂರಿನ ನಾದಿನಿ ಅರಿಶಿನದ ಬಟ್ಟಲು ಹಿಡಿದು, “ಊಂ, ಹಾಡ್ಸಪ್ಪ ನಿನ್ನ ಮುತ್ತೈದೇನ!” ಎಂದರು. ಎಲ್ಲರೂ ನಕ್ಕರು.

ಮೈದುನ ಗುಂಡಿ ಒತ್ತಿದ. ಇಲಿ ಅಲ್ಲಾಡಿಸಿದ. ಹಸಿರು ಗೆರೆ ಏರಿತು, ಇಳಿಯಿತು. ಸದ್ದಿಲ್ಲ.

ಮತ್ತೆ ಒತ್ತಿದ. ಸದ್ದಿಲ್ಲ. ಯಾರೋ ಶಿಳ್ಳೆ ಹೊಡೆದರು. “ಮೇಷ್ಟ್ರೇ, ಮದುಮಗಳಿಗಿಂತ ಮಿಷಿನ್ನಿಗೇ ನಾಚಿಕೆ!” ಎಂದರು ಬೀಗರು. ನೀವೂ ನಕ್ಕದ್ದು ಆಗಲೇ. ಇಷ್ಟು ತಿಂಗಳು ಸದ್ದು ಬರದಿದ್ದಾಗೆಲ್ಲ ಬ್ಯಾಟರಿ ಹಿಡಿದು ಡಬ್ಬದ ಬೆನ್ನ ಹಿಂದೆ ತಲೆ ತೂರಿಸುತ್ತಿದ್ದವನು ಅವತ್ತು ಬಗ್ಗಲೂ ಇಲ್ಲ. ನೆಟ್ಟಗೆ ನಿಂತು ಕಂಬದ ಕಡೆಗೇ ನೋಡಿದ.

“ಅತ್ತಿಗೆ, ಮಿಷಿನ್ನು ಕೈಕೊಡ್ತು. ಇನ್ನು ನೀವೇ ಗತಿ.”

ಎಲ್ಲರೂ ನನ್ನ ಕಡೆ ತಿರುಗಿದರು. “ದೊಡ್ಡಮ್ಮಾ...” ಎಂದಳು ಕಾವ್ಯ. ನಾನು ನೋಡಿದ್ದು ಅವಳನ್ನಲ್ಲ, ನಾದಿನಿಯನ್ನು. ಅವರು ಬಟ್ಟಲನ್ನು ನೋಡಿದರು, ಡಬ್ಬವನ್ನು ನೋಡಿದರು, ತಮ್ಮನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

“ಇನ್ನೇನ್ ನೋಡ್ತಾ ನಿಂತೀಯೇ?” ಎಂದು ನನ್ನ ಮೇಲೆ ರೇಗಿದರು. “ಅರಿಶಿನ ಒಣಗೋಗ್ತದೆ, ಬಾರೇ. ಇಲ್ಲಿ, ನನ್ನ ಪಕ್ಕ ಕೂತ್ಕೊ.”

ಹಾಡಿದೆ. ಸೆರಗು ಅಡ್ಡ ಹಿಡಿಯುವುದನ್ನೂ ಮರೆತು ಹಾಡಿದೆ.

ಮದುವೆಯೆಲ್ಲ ಮುಗಿದ ಮೇಲೆ ಒಂದು ದಿನ ಕಾಫಿ ಕೊಡುವಾಗ ಕೇಳಿದೆ: “ಅವತ್ತು ಬೆಳಿಗ್ಗೆ ಹಾಡಿತ್ತಲ್ಲಪ್ಪ?”

ಅವನು ಲೋಟದೊಳಗೇ ನೋಡುತ್ತಿದ್ದ. “ಹಾಡಿತ್ತು ಅತ್ತಿಗೆ. ಅದು ಹಾಡ್ತಿದ್ದಾಗ ಪರದೆ ಗಾಜಲ್ಲಿ ಕಂಡೆ, ನೀವು ಬಾಗ್ಲ ಸಂದೀಲಿ ನಿಂತು ಜೊತೇಲಿ ತುಟಿ ಆಡಿಸ್ತಿದ್ರಿ. ಒಂದಕ್ಷರಾನೂ ಬಿಡದ ಹಂಗೆ. ಎಲ್ರಿಗೂ ಕೇಳಿಸ್ತೀನಿ ಅಂದಿದ್ದೆ ನಿಜ, ಆದ್ರೆ ಅದನ್ನ ನೋಡಿದ ಮೇಲೆ ಹೆಂಗೆ ಹಾಡ್ಸೋದು ಹೇಳಿ, ಆ ಡಬ್ಬಾನ?”

ಆಮೇಲೆ, “ಯಾರಿಗೂ ಹೇಳ್ಬೇಡಿ” ಎಂದ. ಹೇಳಿಲ್ಲ, ಬರೆದಿದ್ದೇನೆ ಅಷ್ಟೆ.

ಈಗಲೂ ನೆಂಟರು ಯಾರೇ ಬರಲಿ, ಚಪ್ಪಲಿ ಬಿಡುತ್ತಲೇ “ಏನ್ ಮೇಷ್ಟ್ರೇ, ನಿಮ್ಮ ಡಬ್ಬ ಬಾಯಿ ಬಿಡ್ತಾ?” ಎನ್ನುತ್ತಾರೆ. “ಎಲ್ಲಾ ಬಂತು ಕಣ್ರೀ, ಸೌಂಡ್ ಒಂದು ಬರ್ಲಿಲ್ಲ ನೋಡಿ” ಎಂದು ಅವರಿಗಿಂತ ಮೊದಲು ಅವನೇ ನಗುತ್ತಾನೆ.