ವಸ್ತಾದರು ಚಿತ್ ಆಗಲಿಲ್ಲ

ದಾಂಡೇಲಿಯ ಒಂದು ದವಾಖಾನ್ಯಾಗ ಅರಿವಳಿಕೆ ಕೊಡೋ ಡಾಕ್ಟರ್ ನಾನು. ಮಂದಿನ್ನ ಮಲಗಿಸೋದ ನನ್ನ ಉದ್ಯೋಗ. ಆದ್ರ ಮಲಗೋಕಿಂತ ಮೊದಲು ಒಬ್ಬೊಬ್ರು ನನ್ನ ಜೀವಾ ತಿಂದಬಿಡ್ತಾರ.

೧

ಹಳಿಯಾಳದ ಗರಡಿ ಮನ್ಯಾಗ ಕುಸ್ತಿ ಕಲಿಸೋ ವಸ್ತಾದರು ಬಂದ್ರು. ಮೊಣಕಾಲಾಗ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ರಿಪೇರಿ ಮಾಡೋದಿತ್ತು. ಕುಸ್ತ್ಯಾಗ ಎರಡೂ ಹೆಗಲು ಮಣ್ಣಿಗೆ ಹತ್ತಿದ್ರ ಚಿತ್, ಅಂದ್ರ ಸೋತಂಗ. ಇವರು ಇವತ್ತಿನ ತನಕಾ ಚಿತ್ ಆದವರಲ್ಲ. ಅದs ಅವರ ಮಾನ.

"ಮೂರು ದಾರಿ ಅದಾವ್ರಿ," ಅಂದೆ. "ಪೂರಾ ನಿದ್ದಿ ಬರಸೋದು, ಸೊಂಟದ ಕೆಳಗ ಜೋಮು ಹಿಡಿಸೋದು, ಇಲ್ಲಾ ಮೊಣಕಾಲಿಗಷ್ಟ ಸೂಜಿ."

"ನಿದ್ದಿ ಬ್ಯಾಡ್ರಿ ಡಾಕ್ಟರ್ ಬಾಯಾರ. ಎಚ್ಚರ ಇಲ್ದಾಗ ಯಾರರ ನನ್ನ ಚಿತ್ ಮಾಡಿದ್ರ?"

"ಮೊಣಕಾಲಿಗಷ್ಟ ಕೊಡ್ಲಿ?"

"ಕೊಡ್ರಿ. ಆದ್ರ ಒಂದು ಕಾಲು ಹಿಡಿದ್ರ ಇನ್ನೊಂದು ಕಾಲು ನನ್ನ ಮಾತು ಕೇಳಂಗಿಲ್ಲ. ಹಿಡಿದವನ್ನ ಒಗದಬಿಡತೈತಿ."

ಸರ್ಜನ್ ಸಾಹೇಬ್ರು ಅಲ್ಲೇ ನಿಂತಿದ್ರು. "ಸೊಂಟದ್ದs ಕೊಡ್ರಿ," ಅಂದ್ರು.

೨

ವಸ್ತಾದರು ಆಪರೇಶನ್ ಟೇಬಲ್ ಮ್ಯಾಲ ಕುಂತು ಬೆನ್ನಿಗೆ ಸೂಜಿ ಹಾಕಿಸ್ಕೊಂಡ್ರು, ಹುಬ್ಬು ಸೈತ ಅಲುಗಲಿಲ್ಲ. "ಈಗ ಅಂಗಾತ ಮಲಗ್ರಿ," ಅಂದೆ. ಮಲಗಲಿಲ್ಲ.

"ಬಾಗಲದಾಚೆ ಶಿಷ್ಯರು ನಿಂತಾರ್ರಿ. ಅವರಿಗೆ ಏನ್ ಮುಖಾ ತೋರಸ್ಲಿ?"

ಮದ್ದು ಏರಾಕತ್ತಿತ್ತು, ಕಾಲು ಭಾರ ಆಗಾಕತ್ತಿದ್ವು, ಈ ಮನುಷ್ಯಾ ಮಾತ್ರ ಕಂಬದಂಗ ಕುಂತಾರ. ಖರೇ ಹೇಳ್ತೇನಿ, ಸಿಟ್ಟು ನೆತ್ತಿಗೇರಿತ್ತು. ಮುಖಾ ನೋಡಿದ್ರ ಕಣ್ಣಾಗ ನೀರು. ಪಾಪ ಅನ್ನಿಸ್ತು.

"ಒಂದು ಹೆಗಲಿನ ಕೆಳಗ ದಿಂಬು ಕೊಟ್ರ?"

"ಹಂಗಾದ್ರ ಚಿತ್ ಅಲ್ಲ," ಅಂದವರs ಮಲಗಿದ್ರು.

"ಮೊಣಕಾಲು ಆಪರೇಶನ್ನಿಗೆ ಹೆಗಲಿಗ್ಯಾಕ ದಿಂಬು?" ಅಂತ ಸರ್ಜನ್ ಕೇಳಿದ್ರು.

"ನಮ್ಮ ಕಾಲೇಜಿನ್ಯಾಗ ಕಲಿಸಿಲ್ರಿ, ಅವರ ಗರಡ್ಯಾಗ ಕಲಿಸ್ಯಾರ."

೩

ಟಿವಿಯೊಳಗ ತಮ್ಮ ಮೊಣಕಾಲು ನೋಡ್ತೇನಿ ಅಂದವರು ಜರಾ ಹೊತ್ತಿನ್ಯಾಗ ಗೊರಕಿ ಹೊಡ್ಯಾಕ ಶುರು ಮಾಡಿದ್ರು. ಅದಕ್ಕ ನನ್ನ ಮದ್ದು ಕಾರಣ ಅಲ್ಲ. ದಿಂಬು ಜಾರಿ ಬಿತ್ತು. ಎರಡೂ ಹೆಗಲು ಟೇಬಲ್ಲಿಗೆ ಹತ್ತಿದ್ವು. ಸಿಸ್ಟರ್ ನನ್ನ ಮುಖಾ ನೋಡಿದ್ಲು, ನಾ ಅಕಿ ಮುಖಾ ನೋಡಿದೆ. ಎಚ್ಚರಾಗೂದ್ರೊಳಗ ಸಪ್ಪಳಿಲ್ದಂಗ ದಿಂಬು ತುರುಕಿದ್ವಿ.

"ಒಂದು ಹೆಗಲು ಮ್ಯಾಲs ಇತ್ತಲ್ರಿ?" ಅಂತ ಎಚ್ಚರಾದ ಕೂಡ್ಲೆ ವಸ್ತಾದರು ಕೇಳಿದ್ರು.

"ಇತ್ರಿ," ಅಂದೆ.

ಹೊರಗ ಸ್ಟ್ರೆಚರ್ ಮ್ಯಾಲಿಂದs ಶಿಷ್ಯರಿಗೆ, "ಬಾಯಾರ್ನ ಕೇಳ್ರಿ, ಚಿತ್ ಆಗಲಿಲ್ಲ," ಅಂದ್ರು.

ಅವರ ಹೆಂಡತಿ ಸೆರಗು ಬಾಯಿಗಿಟ್ಕೊಂಡು, "ಮನ್ಯಾಗ ದಿನಾ ಅಂಗಾತ ಬಿದ್ದು ಗೊರಕಿ ಹೊಡಿತೀರಲ್ಲ, ಅದೇನು?" ಅಂದ್ರು.

ವಸ್ತಾದರು ಶಿಷ್ಯರ ಕಡೆ ನೋಡಿದ್ರು, ಹೆಂಡತಿ ಕಡೆ ನೋಡಿದ್ರು.

"ಮನ್ಯಾಗ ಸೋತಿದ್ದು ಲೆಕ್ಕಕ್ಕಿಲ್ಲ. ಅಲ್ಲಿ ಎಲ್ಲಾ ಪೈಲ್ವಾನರೂ ಸೋಲ್ತಾರ."

ಎಲ್ಲಾರಿಗಿಂತ ಮೊದಲು ಹೌದಂತ ತಲಿ ಅಲ್ಲಾಡಿಸಿದವರು ನಮ್ಮ ಸರ್ಜನ್ ಸಾಹೇಬ್ರು.